ತಂಗಿಯ ಕೈ, ದೊಡ್ಡಪ್ಪನ ಸೊಂಟ

ನಮ್ಮ ದೊಡ್ಡಪ್ಪನಿಗೆ ಮೂಳೆ ಡಾಕ್ಟರರನ್ನು ಕಂಡರೆ ಮೊದಲಿನಿಂದಲೂ ತಾತ್ಸಾರ. ಹೊರಮಾವಿನ ಹೊಲ ಮಾರಿ ಕಾರು ಕೊಂಡ ಮೇಲಂತೂ, ಬಂಧುಗಳಲ್ಲಿ ಯಾರ ಮೂಳೆ ಮುರಿದರೂ ತಾವೇ ಬಂದು ಹತ್ತಿಸಿಕೊಂಡು ನಾಟಿ ಕಟ್ಟು ಕಟ್ಟುವವರ ಹತ್ತಿರ ಬಿಡುತ್ತಿದ್ದರು. "ಆ ಡಾಕ್ಟ್ರುಗಳಿಗೇನ್ ಗೊತ್ತು? ಕೊಯ್ಯೋದೊಂದ್ ಗೊತ್ತು" ಎನ್ನುವುದು ಅವರ ಮಂತ್ರ. ಹಾಗಾದರೆ ದೊಡ್ಡಪ್ಪನಿಗೇನು ಗೊತ್ತು ಎಂದು ಕೇಳುವ ಗಂಡಸು ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ.

ತೊಂಬತ್ತರ ದಶಕದ ನಡುವೆ, ಜೀವನ್ ಬಿಮಾ ನಗರದ ನಮ್ಮ ಮನೆ ಮುಂದೆ ತಂಗಿ ಸೈಕಲ್ಲಿನಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಳು. ಶಿವಾಜಿನಗರದ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, ಇವತ್ತೇ ಮೂಳೆ ಕೂಡಿಸಿ ತಂತಿ ಹಾಕಬೇಕೆಂದರು. ಅಪ್ಪ ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ದೊಡ್ಡಪ್ಪ ಕಾರಿನಲ್ಲಿ ಬಂದಿಳಿದರು. ಅಣ್ಣನಿಗೆ ಎಂದೂ ಎದುರಾಡದ ಅಪ್ಪ ತಂಗಿಯನ್ನು ಎತ್ತಿ ಕಾರಿನಲ್ಲಿ ಕೂರಿಸಿದರು; ಕಾರು ನೇರ ನಾಟಿ ಕಟ್ಟಿನವರ ಬಾಗಿಲಿಗೆ ಹೋಯಿತು.

ಬಿದಿರಿನ ದಬ್ಬೆ, ಮೊಟ್ಟೆಯ ಲೋಳೆ, ಎಣ್ಣೆ ಬಟ್ಟೆ. ಕಟ್ಟು ಬಿಗಿಯಾಗಿ ಬಿತ್ತು. ಸಂಜೆಯ ಹೊತ್ತಿಗೆ ತಂಗಿ ಚೀರಾಡತೊಡಗಿದಳು. "ಅಳ್ಲಿ ಬಿಡು, ನೋವಾದ್ರೇನೇ ಮೂಳೆ ಕೂಡೋದು" ಎನ್ನುತ್ತ ದೊಡ್ಡಪ್ಪ ನಮ್ಮ ಮನೆಯಲ್ಲೇ ಕೂತು ಮುದ್ದೆ ಮುರಿದರು. ಮಾರನೆಯ ದಿನ ಬೆರಳುಗಳು ನೀಲಿಗಟ್ಟಿದ ಮೇಲೆ ಅಪ್ಪನಿಗೆ ಧೈರ್ಯ ಬಂತು. ಶಿವಾಜಿನಗರದ ಅದೇ ಡಾಕ್ಟರು ಕಟ್ಟು ಕತ್ತರಿಸಿ, ರಕ್ತ ಹರಿಯದೆ ಕೈಯೊಳಗಿನ ಮಾಂಸ ಸತ್ತಿದೆ ಎಂದರು. ಆಮೇಲೆ ಬರೀ ಕೈಗಳನ್ನೇ ನೋಡುವ ಇನ್ನೊಬ್ಬ ಸರ್ಜನ್ ಎಷ್ಟು ಹೆಣಗಿದರೂ ಬೆರಳುಗಳು ಅರ್ಧ ಮಡಿಚಿಕೊಂಡೇ ಉಳಿದವು. ದೊಡ್ಡಪ್ಪ "ಹಣೆಬರಹ" ಎಂದು ಕೈ ತೊಳೆದುಕೊಂಡರು.

ಸುಮಾರು ಹತ್ತು ವರ್ಷದ ಮೇಲೆ ಅದೇ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡರು. ನಾನು ಬೇಕೆಂದೇ, "ಕಟ್ಟು ಹಾಕ್ಸೋಣ್ವಾ ದೊಡ್ಡಪ್ಪ?" ಎಂದೆ.

"ಹುಚ್ಚೇನೋ ನಿಂಗೆ? ಇಂದಿರಾನಗರದಲ್ಲಿ ಕೀಲು ಬದಲಾಯ್ಸೋ ಸರ್ಜನ್ ಇದ್ದಾರಂತೆ, ಅಲ್ಲಿಗ್ ನಡಿ. ಯಾವ್ಯಾವುದೋ ಮೂಳೆ ಡಾಕ್ಟ್ರು ಬೇಡ!"

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆಪರೇಷನ್ ಚೆನ್ನಾಗಿ ಆಯಿತು. ವಾಕರ್ ಹಿಡಿದು ನಡೆಯತೊಡಗಿದ್ದೇ ತಡ, ನೋಡಲು ಬಂದವರಿಗೆಲ್ಲ ಪಾಠ ಶುರು: ಮಂಡಿಗೇ ಒಬ್ಬರು, ಬೆನ್ನಿಗೇ ಒಬ್ಬರು, ಭುಜಕ್ಕೇ ಒಬ್ಬರು ಸರ್ಜನ್ ಇರುತ್ತಾರಂತೆ. ತಂಗಿಯೂ ನೋಡಲು ಬಂದಿದ್ದಳು. ಮಡಿಚಿದ ಬಲಗೈಯಿಂದ ಕಿತ್ತಳೆಯನ್ನು ಎದೆಗೊತ್ತಿ ಹಿಡಿದು, ಎಡಗೈಯಲ್ಲಿ ಸುಲಿದು ಅವರಿಗೆ ಕೊಡುತ್ತಿದ್ದಳು. ದೊಡ್ಡಪ್ಪ ಒಂದು ತೊಳೆ ಬಾಯಿಗೆ ಹಾಕಿಕೊಂಡು ಅವಳ ಕೈಯನ್ನೇ ನೋಡಿದರು.

"ಕೈಗೂ ಬೇರೆ ಸರ್ಜನ್ ಇರ್ತಾರೆ ಕಣಮ್ಮ" ಎಂದರು. "ನಿಮ್ಮಪ್ಪ ಆವತ್ತೇ ವಿಚಾರಿಸ್ಬೇಕಿತ್ತು."