ವಾಸನೆಯಿಲ್ಲದ ಸೋಪು

ನಮ್ಮ ದೊಡ್ಡಮ್ಮನ ಮೂಗು ಸ್ವಲ್ಪ ಮೊಂಡು, ಬಲಗಡೆ ಕೆಂಪು ಹರಳಿನ ಮೂಗುಬೊಟ್ಟು. ಯಾರಾದರೂ ರೇಷ್ಮೆ ಹುಳದ ಮನೆಯ ಬಾಗಿಲಿಗೆ ಬಂದರೆ ಮೊದಲು ಆ ಹರಳು ಅಲುಗುತ್ತಿತ್ತು. ಬಾಗಿಲಿಗೆ ಕೈ ಅಡ್ಡ ಇಟ್ಟು, ಬಂದವರ ತಲೆ, ಕುತ್ತಿಗೆ, ಅಂಗೈ ಮೂಸಿ ನೋಡುವಳು. ಪೌಡರು ಬಳಿದಿದ್ದರೆ, ಮಲ್ಲಿಗೆ ಮುಡಿದಿದ್ದರೆ, ಬೀಡಿ ಸೇದಿದ್ದರೆ ಅಲ್ಲಿಂದಲೇ ವಾಪಸ್. ಒಂದು ಸಲ ರೇಷ್ಮೆ ಇಲಾಖೆಯ ಸಾಹೇಬರೊಬ್ಬರನ್ನೇ ಹೀಗೆ ನಿಲ್ಲಿಸಿದ್ದಳು. “ಸೆಂಟು ಹೊಡ್ಕೊಂಡು ಬಂದಿದ್ದೀರಪ್ಪ. ಕಿಟಕಿ ಅತ್ರ ನಿಂತ್ಕೊಂಡು ನೋಡ್ಕೊಳ್ಳಿ,” ಅಂದಳು. ಅವರು ಪಾಪ, ಕಿಟಕಿಯಿಂದಲೇ ನೋಡಿ ಹೋದರು.

ಮೇಲೂರಿನ ಸುತ್ತಮುತ್ತ ರೇಷ್ಮೆ ಹುಳ ಸಾಕುವ ಮನೆಗಳಲ್ಲೆಲ್ಲ ಈ ಕಟ್ಟುಪಾಡು ಇದೆ. ಘಾಟಾಗಲಿ ಪರಿಮಳವಾಗಲಿ ಹುಳಕ್ಕೆ ಆಗಿಬರುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ನಿಂತುಬಿಡುತ್ತವೆ. ಆದರೆ ದೊಡ್ಡಮ್ಮನಷ್ಟು ಕಟ್ಟುನಿಟ್ಟು ಮಾಡಿದವರನ್ನು ನಾನು ಕಂಡಿಲ್ಲ. ಆ ಮನೆಯಲ್ಲಿ ಸೊಳ್ಳೆಬತ್ತಿ ಉರಿಯುತ್ತಿರಲಿಲ್ಲ. ಹುಳ ಇರುವಷ್ಟು ದಿನ ದೇವರಿಗೂ ಊದುಬತ್ತಿ ಇಲ್ಲ, ಬರೀ ದೀಪ. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. “ಹುಳಕ್ಕೆ ಆಗದ್ದು ನಮಗ್ಯಾಕೆ?” ಇದು ಅವಳ ಮಾತು. ಅಂಗಡಿಗೆ ಹೋದಾಗ ಅವಳ ಲೆಕ್ಕಾಚಾರವೂ ಅಷ್ಟೇ.

ನನ್ನ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವೆಂದು ಅಮ್ಮ ನನ್ನನ್ನು ತನ್ನ ಈ ಅಕ್ಕನ ಮನೆಗೆ ಬಿಟ್ಟಿದ್ದಳು. ಮಕ್ಕಳಿಲ್ಲದ ದೊಡ್ಡಮ್ಮ ದೊಡ್ಡಪ್ಪ ನನ್ನನ್ನು ಕಾಲೇಜಿನವರೆಗೂ ಓದಿಸಿದರು. ನಮ್ಮ ಕಡೆ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು, ಬಿ.ಎಸ್ಸಿ., ರಸಾಯನಶಾಸ್ತ್ರ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಆಮೇಲೆ ಚಿಕ್ಕಬಳ್ಳಾಪುರದ ಬಸ್ಸು ಹಿಡಿದು ಓದಿದ ಡಿಗ್ರಿ ಅದು. ಬಸ್ಸಿನಲ್ಲಿ ಉಳಿದ ಹುಡುಗಿಯರೆಲ್ಲ ಘಮ್ಮೆನ್ನುತ್ತಿದ್ದರು. ನಾನು ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಹೊತ್ತು ಕಿಟಕಿ ಪಕ್ಕ ಕೂರುತ್ತಿದ್ದೆ. ಈಗ ಚಿಂತಾಮಣಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ.

ದೊಡ್ಡಮ್ಮನ ಕೈ ಕೆಟ್ಟಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಹುಳದ ಮನೆಗೆ ಕಾಲಿಡುವ ಮೊದಲು ಕೈಕಾಲನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಬೇಕು. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದಾಗ, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಅವಳ ಅಂಗೈ ಬಿರುಕು ಬಿಟ್ಟು, ಬೆರಳ ಸಂದುಗಳಲ್ಲಿ ರಕ್ತ ಜಿನುಗುತ್ತಿತ್ತು. ಮುದ್ದೆ ಕಟ್ಟಲು ಆಗುತ್ತಿರಲಿಲ್ಲ. ಯಾವ ಮುಲಾಮು ತಂದುಕೊಟ್ಟರೂ ಕರ್ಪೂರವೋ ಬೇವೋ ಇನ್ನೇನೋ ನಾರುತ್ತಿತ್ತು. ಅದನ್ನು ಹಚ್ಚಿದರೆ ಹುಳದ ಮನೆಗೆ ಹೋಗುವ ಹಾಗಿಲ್ಲ. ಹುಳದ ಮನೆಗೆ ಹೋಗದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ.

“ಒಂದು ಬೆಳೆ ಬಿಟ್ಟುಬಿಡು, ಕೈ ವಾಸಿಯಾಗ್ಲಿ,” ಎಂದು ದೊಡ್ಡಪ್ಪ ಗೋಗರೆದರು.

“ನಾನು ಆ ಕಡೆ ಕೂತ್ಕೊಂಡು ಏನು ಮಾಡ್ಲಿ? ಟೀವಿ ನೋಡ್ಲಾ?” ಅಂದಳು.

ಹಾಗಾಗಿ ಅವಳ ಕೈಗೂ ಆಗುವ, ಹುಳಕ್ಕೂ ಆಗುವ ಸೋಪು, ಕ್ರೀಮು ಹುಡುಕುವುದು ನನ್ನ ಭಾನುವಾರಗಳ ಕೆಲಸವಾಯಿತು. ಶಿಡ್ಲಘಟ್ಟದ ಅಂಗಡಿಗಳು ಮುಗಿದವು, ಚಿಂತಾಮಣಿಯವು ಮುಗಿದವು. ಪೊಟ್ಟಣದ ಹಿಂದೆ ಇರುವೆಯ ಸಾಲಿನಂಥ ಅಕ್ಷರ. ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ನಿಂತಲ್ಲೇ ಓದಬೇಕು. ಮುಂದುಗಡೆ ಎಲೆ, ಹೂವು, ನೀರ ಹನಿ; ಹಿಂದುಗಡೆ ನಾನು ಪ್ರಯೋಗಾಲಯದ ಬಾಟಲಿಗಳ ಮೇಲೆ ನೋಡಿದ ಹೆಸರುಗಳು. ಎಲ್ಲವೂ ಕೆಟ್ಟವಲ್ಲ, ಅದು ನನಗೆ ಗೊತ್ತು. ಆದರೆ ಕೊನೆಗೆ ‘ಫ್ರಾಗ್ರೆನ್ಸ್’ ಎಂಬ ಒಂದೇ ಪದ ಇರುತ್ತದಲ್ಲ, ಅದರೊಳಗೆ ಏನೇನಿದೆ ಎಂದು ಅವರೂ ಹೇಳುವುದಿಲ್ಲ, ಓದಿದ ನನಗೂ ಗೊತ್ತಾಗುವುದಿಲ್ಲ. ಅಂಗಡಿಯವರು ಹಿಂದಿನಿಂದ ಕೆಮ್ಮುತ್ತಿದ್ದರು. ನನ್ನ ಕಾಲು ಸೋಲುತ್ತಿದ್ದವು.

ಚಿಕ್ಕಬಳ್ಳಾಪುರದಲ್ಲಿ ಪರಿಸರಸ್ನೇಹಿ ವಸ್ತುಗಳ ಅಂಗಡಿಯೊಂದು ಶುರುವಾಗಿದೆ ಎಂದು ಕೇಳಿ ದೊಡ್ಡಮ್ಮನನ್ನೂ ಕರೆದುಕೊಂಡು ಹೋದೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷು, ಬಟ್ಟೆ ಚೀಲ, ಮಣ್ಣಿನ ಬಣ್ಣದ ಕಾಗದದಲ್ಲಿ ಸುತ್ತಿದ ಸೋಪುಗಳು. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೂಗುಬೊಟ್ಟು ಅಲುಗಿತು.

ಮಾರುವ ಹುಡುಗಿ ನಗುತ್ತಾ ಬಂದಳು. “ಬನ್ನಿ ಆಂಟಿ, ಎಲ್ಲಾ ನ್ಯಾಚುರಲ್. ಕೆಮಿಕಲ್ ಫ್ರೀ. ಇದು ನೋಡಿ, ಬೇವು ತುಳಸಿ.”

“ವದ್ದು ತಲ್ಲಿ, ವದ್ದು,” ಬೇಡವೆನ್ನಲು ದೊಡ್ಡಮ್ಮ ತೆಲುಗಿಗೆ ಹೊರಳಿದಳು; ಗಾಬರಿಯಾದರೆ ಅವಳಿಗೆ ತೆಲುಗೇ ಬರುತ್ತಿದ್ದದ್ದು. “ಬೇವಾ? ಬೇವು ನನ್ನ ಹುಳಗಳ್ನ ಪೂರ್ತಿ ಮಲಗಿಸಿಬಿಡ್ತದೆ.”

“ಹುಳ ಸಾಯ್ಲಿ ಅಂತಾನೇ ಹಾಕಿರೋದು ಆಂಟಿ, ಸ್ಕಿನ್‌ಗೆ ಒಳ್ಳೇದು.”

“ನಾನು ಹುಳ ಸಾಕೋಳು ಕಣಮ್ಮ.”

ಹುಡುಗಿ ಬೇವಿನ ಸೋಪು ಒಳಗಿಟ್ಟಳು. ಲ್ಯಾವೆಂಡರ್ ತೋರಿಸಿದಳು, ನಿಂಬೆಹುಲ್ಲು ತೋರಿಸಿದಳು. ಎಲ್ಲವೂ ಗಿಡದಿಂದ ಬಂದದ್ದೇ, ಎಲ್ಲವೂ ಘಾಟೇ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ದೊಡ್ಡಮ್ಮ ಬಿರುಕು ಬಿಟ್ಟ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡಿದ್ದಳು. “ಸಾಕು ಬಿಡೇ. ನಂಗೂ ಸುಸ್ತು, ನಿಂಗೂ ಸುಸ್ತು,” ಅಂದಳು. ಆ ದಿನ ನನಗೂ ಸಾಕೆನ್ನಿಸಿತ್ತು.

ಆಮೇಲೆ ನನಗೆ ಪರೀಕ್ಷೆಗಳ ಕೆಲಸ ಬಂದು ಊರಿಗೆ ಹೋಗಲಾಗಲಿಲ್ಲ. ಬೇಸಿಗೆ ರಜೆಗೆ ಹೋದಾಗ ದೊಡ್ಡಮ್ಮ ಬಾಗಿಲಲ್ಲೇ ಎರಡೂ ಕೈ ಚಾಚಿ ತೋರಿಸಿದಳು. ಬಿರುಕು ಮಾಯ. ಅಂಗೈ ನುಣ್ಣಗೆ, ಬೆಳ್ಳಗೆ, ಮದುವಣಗಿತ್ತಿಯ ಕೈಯ ಹಾಗೆ.

“ಸಂತೇಲಿ ಒಬ್ಳು ಕೊಟ್ಳು. ಮೂಸಿ ನೋಡು, ಏನೂ ವಾಸನೆ ಇಲ್ಲ. ಹಚ್ಕೊಂಡೇ ಸೊಪ್ಪು ಹಾಕ್ತೀನಿ, ಹುಳ ಗಬಗಬಾಂತ ತಿಂತವೆ.”

ಚಿಕ್ಕ ಟ್ಯೂಬು. ಅರ್ಧ ಚೀಟಿ ಹರಿದುಹೋಗಿತ್ತು, ಉಳಿದರ್ಧದಲ್ಲಿ ಕೆಂಪು ಗೆರೆ. ಬೆಳಕಿಗೆ ಹಿಡಿದು ಓದಿದೆ. ಪ್ರಬಲವಾದ ಸ್ಟೀರಾಯ್ಡು. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು, ದಿನಗಟ್ಟಲೆ ಹಚ್ಚಬಾರದ್ದು. ಅವಳ ಕೈ ತಿರುಗಿಸಿ ನೋಡಿದರೆ ಹಿಂಗೈ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ನೀಲಿ ನರಗಳು ಎದ್ದು ಕಾಣುತ್ತಿದ್ದವು. ಬಳೆ ತಾಗಿದ ಕಡೆಯೆಲ್ಲ ನೇರಳೆ ಕಲೆ.

“ಇದನ್ನ ನಿಲ್ಲಿಸ್ಬೇಕು ದೊಡ್ಡಮ್ಮ.”

“ಯಾಕೆ? ಹುಳ ಸಾಯ್ಲಿಲ್ವಲ್ಲೇ.”

“ನೀನು ಹುಳ ಅಲ್ಲ.”

ಅವಳು ಕೈ ಬಿಡಿಸಿಕೊಂಡಳು. ಜೀವಮಾನವೆಲ್ಲ ಒಂದೇ ಅಳತೆಗೋಲು ಇಟ್ಟುಕೊಂಡವಳು. ಹುಳ ತಿಂದರೆ ಒಳ್ಳೆಯದು, ಹುಳ ತಲೆ ಎತ್ತಿದರೆ ಕೆಟ್ಟದ್ದು. ಆ ಅಳತೆಯಲ್ಲಿ ತಾನೆಂದೂ ಸೇರಿರಲಿಲ್ಲ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತೋ ಏನೋ. ಒಳಗೆ ಹೋಗಿ ಸೊಪ್ಪು ಹಾಕತೊಡಗಿದಳು. ನಾನು ಬಾಗಿಲಲ್ಲೇ ನಿಂತೆ.

ಚರ್ಮದ ಡಾಕ್ಟರು ಬೈದರು. ಆ ಮುಲಾಮನ್ನು ಮೆಲ್ಲಮೆಲ್ಲನೆ ಬಿಡಿಸಿದರು. ಕಡೆಗೆ ಅವರು ಬರೆದುಕೊಟ್ಟದ್ದು ಬಣ್ಣವಿಲ್ಲದ, ವಾಸನೆಯಿಲ್ಲದ ಬರೀ ಜೆಲ್ಲಿ, ಅಂಥದ್ದೇ ಒಂದು ಸೋಪು, ರಬ್ಬರು ಗ್ಲೌಸು. ಜೆಲ್ಲಿ ಪೆಟ್ರೋಲಿಯಂನಿಂದ ಮಾಡಿದ್ದು. ಆ ಎಲೆ-ಹೂವಿನ ಅಂಗಡಿಯಲ್ಲಿ ಅದಕ್ಕೆ ಜಾಗವೇ ಇರಲಾರದು. ಸೋಪಿನ ಚೀಟಿಯನ್ನು ನಾನು ಪೂರ್ತಿ ಓದಿದೆ. ದೊಡ್ಡಮ್ಮ ಪೂರ್ತಿ ಮೂಸಿದಳು. ಗ್ಲೌಸು ಮಾತ್ರ ಬ್ಲೀಚಿಂಗ್ ನೀರಿಗಷ್ಟೇ ಹಾಕುವುದಾಗಿ ಒಪ್ಪಿದಳು. “ಸೊಪ್ಪು ಹಾಕೋವಾಗ ಹುಳ ಕೈಗೆ ತಗುಲ್ಬೇಕು, ಇಲ್ದಿದ್ರೆ ಅದಕ್ಕೇನಾಗಿದೆ ಅಂತ ಹೆಂಗೆ ಗೊತ್ತಾಗ್ತದೆ?” ಅಂದಳು.

ಅವತ್ತಿನಿಂದ ಮನೆಗೆ ಬರುವ ಪ್ರತಿಯೊಂದು ಪೊಟ್ಟಣವನ್ನೂ ನಾನು ಊರಿಗೆ ಹೋಗುವವರೆಗೆ ಎತ್ತಿಡುತ್ತಿದ್ದಳು. “ಮೂಗಿಂದು ನನಗಿರ್ಲಿ, ಅಕ್ಷರದ್ದು ನೀನು ನೋಡ್ಕೋ.” ನನ್ನ ಡಿಗ್ರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಕೊಟ್ಟಿಲ್ಲ. ಕೈ ಪೂರ್ತಿ ವಾಸಿಯಾಗಲಿಲ್ಲ. ಆದರೆ ಮುದ್ದೆ ಕಟ್ಟುವಷ್ಟಾಯಿತು.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿ, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಹುಳ ಆಗ ನಾಲ್ಕನೇ ಜ್ವರದಿಂದ ಎದ್ದಿದ್ದವು. ಅವು ಅತಿ ಹೆಚ್ಚು ತಿನ್ನುವ, ಅತಿ ಬೇಗ ಕೆಡುವ ಹೊತ್ತು ಅದು.

ನಾನು ಚಿಂತಾಮಣಿಯಿಂದ ಬರುವಷ್ಟರಲ್ಲಿ ಗೌರಿಬಿದನೂರಿನ ಕಡೆಯ ನೆಂಟರು ಊದುಬತ್ತಿಯ ಕಟ್ಟು, ಗಂಧದ ಸೋಪು, ಬುಟ್ಟಿ ತುಂಬ ಮಲ್ಲಿಗೆ ತಂದಿದ್ದರು. ಒಬ್ಬರು ಬೆಂಕಿಪೊಟ್ಟಣ ತೆಗೆದಿದ್ದೇ ತಡ, ದೊಡ್ಡಪ್ಪ ಎದ್ದು ನಿಂತರು.

“ಏನೂ ಹಚ್ಬೇಡಿ. ಒಳಗೆ ಹುಳ ಐತೆ.”

“ಮುತ್ತೈದೆ ಸಾವಪ್ಪ. ಹೂವಿಲ್ದೆ ಹೆಂಗೆ ಕಳ್ಸೋದು?” ಹಿರಿಯ ಹೆಂಗಸೊಬ್ಬರು ಕೇಳಿದರು.

“ಹೂವು ಊರಾಚೆ ತಿರುವಲ್ಲಿ ಮುಡಿಸಾಣ. ಗಾಳಿ ಈ ಕಡೆ ಬರಲ್ಲ.”

ಕೆಲವರು ಗೊಣಗಿದರು. ದೊಡ್ಡಪ್ಪ ಕದಲಲಿಲ್ಲ. ನಾನು ಒಳಗೆ ಹೋಗಿ ಗೋಡೆಯ ಗೂಡಿನಲ್ಲಿದ್ದ ವಾಸನೆಯಿಲ್ಲದ ಸೋಪು ತಂದೆ. ಅಭ್ಯಾಸ, ಕಾಗದ ಬಿಚ್ಚುವ ಮೊದಲು ಹಿಂದುಮುಂದು ತಿರುಗಿಸಿ ಓದಿದೆ. ಅದರಲ್ಲೇ ಅವಳಿಗೆ ನೀರು ಹಾಕಿದೆವು. ಕೈಗಳನ್ನು ನಾನೇ ತೊಳೆದೆ, ಮೆಲ್ಲಗೆ, ಇನ್ನೂ ನೋಯಬಹುದೇನೋ ಅನ್ನುವ ಹಾಗೆ. ಹೂವಿಲ್ಲದೆ, ಹೊಗೆಯಿಲ್ಲದೆ ಅವಳು ಮನೆ ದಾಟಿದಳು. ತಿರುವಿನಲ್ಲಿ ಇಡೀ ಬುಟ್ಟಿ ಮಲ್ಲಿಗೆ ಅವಳ ಮೇಲೆ ಸುರಿದರಂತೆ.

ನಾನು ನೋಡಲಿಲ್ಲ. ಸೂತಕವಿರಲಿ ಬಿಡಲಿ, ಹುಳಕ್ಕೆ ಮೇವಿನ ಹೊತ್ತು ಮೀರಿತ್ತು. ಅವಳು ಇಳಿಸಿಟ್ಟ ಹೊರೆ ಜಗಲಿಯ ಮೂಲೆಯಲ್ಲಿ ಹಾಗೇ ಇತ್ತು. ಸ್ನಾನ ಮಾಡಿ ಬಂದು ಹೊರೆ ಬಿಚ್ಚಿ, ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡು ಹುಳದ ಮನೆಯ ಬಾಗಿಲಿಗೆ ಹೋದೆ. ಕೈ ಅಡ್ಡ ಇಡುವವರು ಯಾರೂ ಇರಲಿಲ್ಲ. ನನ್ನ ಅಂಗೈಯನ್ನು ನಾನೇ ಮೂಸಿ ನೋಡಿಕೊಂಡೆ, ಆಮೇಲೆ ಒಳಗೆ ಹೋದೆ.