ಎಡೆಗೆ ಮೊದಲಿನ ಹೂರಣ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದೂ ಕೆಮಿಸ್ಟ್ರಿ. ಕಳೆ ತೆಗೆದು ಬಂದು, ಬಸ್ಸಿನಲ್ಲಿ ನಿಂತು ಓದಿ ಪಾಸಾದೆ; ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಯುಗಾದಿಯ ಮುಂಜಾನೆ ಓದಿದ್ದು ನೆನಪಾದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು.

ಸಾಲಹಳ್ಳಿಯ ನಮ್ಮ ಮನೆಯಲ್ಲಿ ಅವ್ವ ಹೋಳಿಗೆಗೆ ಹೂರಣ ಅರೆದು ಮುಗಿಸಿದ್ದಳು. ನಮ್ಮದೇ ಹೊಲದ ಕಡಲೆಬೇಳೆ. ವರ್ಷದ ಮೊದಲ ದಿನ ಬಾಯಿ ಸಿಹಿಯಾದರೆ ವರ್ಷವೆಲ್ಲ ಸಿಹಿ ಅಂತ ಅವಳ ನಂಬಿಕೆ. ದೇವರಿಗೆ ಎಡೆ ಹಿಡಿಯುವ ತನಕ ಮಾತ್ರ ಯಾರೂ ಬಾಯಿಗೆ ಹಾಕುವಂತಿಲ್ಲ. ರುಚಿ ನೋಡುವಂತೆಯೂ ಇಲ್ಲ.

ಬೇಳೆಯ ಡಬ್ಬಿ ಎತ್ತಿಡಲು ಹೋದೆ. ಒಳಗೆ ಒಂದು ಬಟ್ಟೆಯ ಗಂಟು ಬಿಚ್ಚಿ ಬಿದ್ದಿತ್ತು. ಉಳಿದ ಬೇಳೆಗೆಲ್ಲ ಬೂದುಬಣ್ಣದ ಪುಡಿ.

"ಅಪ್ಪಾ, ಬ್ಯಾಳಿ ಡಬ್ಬ್ಯಾಗ ಏನ್ ಇಟ್ಟಿದ್ದಿ?"

ಬಾಗಿಲಿಗೆ ತೋರಣ ಕಟ್ಟುತ್ತಿದ್ದ ಅಪ್ಪ ತಿರುಗದೆಯೇ ಹೇಳಿದ. "ಜ್ವಾಳಕ್ಕ ಹುಳಾ ಬೀಳಬಾರ್ದಂತ ಗುಳಿಗಿ ತಂದಿದ್ನಲ್ಲ, ಒಂದ್ ಉಳದಿತ್ತು. ಯಾಕ?"

"ಹೂರಣ ಯಾರೂ ಮುಟ್ಟಬ್ಯಾಡ್ರಿ. ಆ ಗುಳಿಗಿ ವಿಷ, ನೀರ ತಾಗಿದ್ರ ವಿಷದ ಗಾಳಿ ಬಿಡತೈತಿ."

"ಹಬ್ಬದ ದಿನ ಎಂಥಾ ಮಾತ ಆಡ್ತಿ," ಅಂದಳು ಅವ್ವ. "ಮೂರು ನೀರ ತೊಳದೇನಿ. ನಿಮಗ ಬ್ಯಾಡಾದ್ರ ಆಕಳಕ್ಕ ಹಾಕೂಣು."

"ಆಕಳಕ್ಕೂ ಬ್ಯಾಡ."

ಆಗ ಅವಳ ತುಟಿಯ ಮೂಲೆಗೆ ಹತ್ತಿದ್ದ ಹೂರಣ ಕಂಡಿತು. ನಾನು ನೋಡಿದ್ದು ಅವಳಿಗೂ ತಿಳಿಯಿತು. "ನಿಮ್ಮಪ್ಪಗ ಹೇಳಬ್ಯಾಡ," ಅಂದಳು ಮೆಲ್ಲಗೆ.

ಹೇಳದೆ ಇರುವುದು ಹೇಗೆ? ಅಪ್ಪನಿಗೆ ಹೇಳಿ ಬೈಕು ತೆಗೆಸಿದೆ. ಬೈಕಿನಲ್ಲಿ ಅಪ್ಪ ಮುಂದೆ, ಅವ್ವ ನಡುವೆ, ಹಿಂದೆ ನಾನು. ರಾಮದುರ್ಗದ ಆಸ್ಪತ್ರೆ ಮುಟ್ಟುವ ತನಕ ನನ್ನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ತಗ್ಗಿನಲ್ಲಿ ಗಾಡಿ ಕುಲುಕಿದರೂ ವಾಂತಿಯೇ ಬಂತೆಂದು ಜೀವ ಹಾರುತ್ತಿತ್ತು.

"ಹೊಟ್ಟಿ ತೊಳಸ್ತೈತೇನ ಅವ್ವಾ?"

"ನೀ ಕೇಳಿ ಕೇಳೇ ತೊಳಸೂ ಹಂಗ ಮಾಡ್ತಿ."

ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ತಿಂದ್ರಿ ಯವ್ವಾ?" ಅಂತ ಕೇಳಿದರು.

ಅವ್ವ ಅಪ್ಪನ ಕಡೆ ನೋಡಿದಳು. "ಬೆರಳಿಗೆ ಹತ್ತಿದಷ್ಟ ರೀ."

ಸುಳ್ಳು ಅಂತ ನನಗೆ ಗೊತ್ತಾಯಿತು. ಆ ಸುಳ್ಳಿಗೇ ಅವಳು ಹೋಗಿಬಿಡುತ್ತಾಳೆ ಅನ್ನಿಸಿ ಅವಳ ಕಿವಿಯ ಹತ್ತಿರ ಬಗ್ಗಿದೆ. "ಅವ್ವಾ, ಖರೇ ಹೇಳ. ದೇವರು ಹೆಂಗರ ತಿಳಕೋತಾನ. ಡಾಕ್ಟರಿಗೆ ನೀ ಹೇಳದ ತಿಳಿಯೂದಿಲ್ಲ."

ಅವಳು ನೆಲ ನೋಡಿದಳು. "ಒಂದ್ ಉಂಡಿ." ಡಾಕ್ಟರ ಕಡೆ ತಿರುಗಿ, "ಎರಡ ರೀ," ಅಂದಳು.

"ಸಂಜೀತನಕ ಇಲ್ಲೇ ಇರ್ರಿ. ಈಗ ಏನೂ ಹೇಳಾಕ ಬರೂದಿಲ್ಲ," ಅಂದರು ಡಾಕ್ಟರು.

ಅಪ್ಪ ಮಂಚದ ಕಾಲಕಡೆ ನಿಂತಿದ್ದ. ತೋರಣದ ದಾರ ಇನ್ನೂ ಅವನ ಬೆರಳಿಗೆ ಸುತ್ತಿಕೊಂಡಿತ್ತು. ಬೈಯುತ್ತಾನೆಂದು ಅವ್ವ ಕಣ್ಣು ಮುಚ್ಚಿದಳು. ಅವನು ಆ ದಾರ ಬಿಚ್ಚುತ್ತ, "ಸಿಹಿ ಆಗಿತ್ತೇನ?" ಅಂದ.

"ಬೆಲ್ಲ ಕಡಿಮಿ ಬಿದ್ದಿತ್ತು. ಅದಕ್ಕ ಹಾಕಿ, ಮತ್ತೊಂದ್ ತಿಂದೆ."

ನನಗೆ ನಗು ಬರಲಿಲ್ಲ. ಸಂಜೆ ಡಾಕ್ಟರು ಮನೆಗೆ ಹೋಗಿರೆಂದು ಹೇಳುವ ತನಕ, ಅವಳ ಹೊಟ್ಟೆಯ ಮೇಲಿನ ಕೈ ನಾನು ತೆಗೆಯಲಿಲ್ಲ.