ನ್ವೇ ಯಿನ್ ಓದಿದ ಎರಡು ಸುದ್ದಿ

ಯಾಂಗೂನಿನ ರೇಡಿಯೋ ಒಂದರಲ್ಲಿ ನ್ವೇ ಯಿನ್ ವಾರ್ತೆ ಓದುತ್ತಿದ್ದಳು, ನಾನು ಬರೆದುಕೊಡುತ್ತಿದ್ದೆ. ಸೇನೆ ಅಧಿಕಾರ ಹಿಡಿದ ಮೇಲೆ ಇಬ್ಬರೂ ಗಡಿ ದಾಟಿ ಥಾಯ್ಲೆಂಡಿನ ಮೇ ಸೊಟ್‌ಗೆ ಬಂದು, ಅಲ್ಲಿನ ಪುಟ್ಟ ರೇಡಿಯೋದಲ್ಲಿ ಅದೇ ಕೆಲಸ ಹಿಡಿದೆವು.

ಒಂದು ಬೆಳಿಗ್ಗೆ ಸೇನೆಯನ್ನು ವಿರೋಧಿಸಿ ದೇಶದ ಹೊರಗಿನಿಂದ ನಡೆಯುತ್ತಿದ್ದ ನಮ್ಮ ಸರ್ಕಾರದ ಹೇಳಿಕೆ ಬಂತು. ರೋಹಿಂಗ್ಯಾಗಳು ನಮ್ಮವರೇ, ಅವರಿಗೆ ಪೌರತ್ವ ಕೊಡುತ್ತೇವೆ ಎಂದಿತ್ತು. ವರ್ಷಗಟ್ಟಲೆ ಅವರನ್ನು "ನುಸುಳುಕೋರರು" ಎಂದು ಓದಿದ್ದ ನ್ವೇ ಯಿನ್, ಈಗ "ರೋಹಿಂಗ್ಯಾ" ಎಂಬ ಹೆಸರು ಬಂದಲ್ಲಿ ತಡವರಿಸಿದಳು.

ವಾರ್ತೆ ಮುಗಿದ ಕೂಡಲೇ ಮಲೇಷ್ಯಾದಿಂದ ಶೊಫಿಕಾ ಎಂಬ ರೋಹಿಂಗ್ಯಾ ಹೆಂಗಸು ಫೋನ್ ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು.

"ನಿಮ್ಮ ದನಿ ಮರೆತಿಲ್ಲ ಅಕ್ಕಾ. ಸೇನೆಯೋರು ಸುಟ್ಟ ನಮ್ಮನೆಗೆ ನಾವೇ ಬೆಂಕಿ ಇಟ್ಕೊಂಡ್ವಿ ಅಂತ ಯಾಂಗೂನಲ್ಲಿ ಓದಿದ್ರಲ್ಲ!"

"ಕೊಟ್ಟಿದ್ದನ್ನ ಓದ್ದೆ ತಂಗಿ."

"ಇವತ್ತೂ ಕೊಟ್ಟಿದ್ದನ್ನೇ ಓದಿದ್ರಾ?"

"ಅವತ್ತು ಓದಿದ್ದು ಸುಳ್ಳು ಅಂತ ಆಗ್ಲೇ ಗೊತ್ತಿತ್ತು. ತಪ್ಪಾಯ್ತು" ಎಂದಳು ನ್ವೇ ಯಿನ್.

"ತಪ್ಪಾಯ್ತು ಅಂತ ನನ್ನೊಬ್ಬಳ ಕಿವೀಲಿ ಹೇಳಿದ್ರೆ ಆಯ್ತಾ? ಸುಳ್ಳನ್ನ ಊರಿಗೆಲ್ಲ ಕೇಳಿಸಿದ್ರಲ್ಲ" ಎಂದು ಶೊಫಿಕಾ ಫೋನಿಟ್ಟಳು. ಆ ಸುಳ್ಳು ಬರೆದಿದ್ದ ನಾನು ಪಕ್ಕದಲ್ಲೇ ಕೂತು ಮುಂದಿನ ವಾರ್ತೆ ಬರೆಯತೊಡಗಿದೆ.

ಮರುದಿನ ವಾರ್ತೆಗೆ ಮುಂಚೆ ನ್ವೇ ಯಿನ್ ಕಾಗದವಿಲ್ಲದೆ, ಮೈಕಿನಲ್ಲೇ ತನ್ನ ತಪ್ಪನ್ನು ಒಪ್ಪಿಕೊಂಡಳು. ದಿನವಿಡೀ ಫೋನಿನಲ್ಲಿ ಬೈಗುಳ ಬಂತು. ಬರೆದುಕೊಟ್ಟವರು ಯಾರೆಂದು ಹಲವರು ಕೇಳಿದರು. ಅವಳು ನನ್ನತ್ತ ನೋಡಲೂ ಇಲ್ಲ, "ಓದಿದ್ದು ನಾನು" ಎಂದಷ್ಟೇ ಹೇಳಿದಳು.